ಹಳೆಯ ಕೃತಿಗೆ ಕೈಯಾರೆ ಚಲನೆ: ಸಾಹಿತ್ಯವನ್ನು ಆ್ಯನಿಮೇಷನ್‌ಗೆ ತರುವ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಲೆಕ್ಕ ಹಾಕೋಣ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ 24 ನಿಶ್ಚಲ ನೋಟ. ಕೈಯಿಂದ ಆ್ಯನಿಮೇಷನ್ ಮಾಡುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ. ಐದು ನಿಮಿಷದ ಸಿನಿಮಾಕ್ಕೆ 3,600 ಚಿತ್ರ. ದಿನಕ್ಕೆ 60 ಚಿತ್ರ ತೆಗೆದರೆ ಆ ದಿನದ ದುಡಿಮೆ 5 ಸೆಕೆಂಡ್. ಶೂಟಿಂಗ್ ಒಂದಕ್ಕೇ 60 ದಿನ ಆಯಿತು. ಗೊಂಬೆ ಕತ್ತರಿಸುವುದು, ಹಿನ್ನೆಲೆ ಬರೆಯುವುದು, ಧ್ವನಿ ಸೇರಿಸುವುದು ಇದರ ಮೇಲೆ.

ಹೆದರಿಸೋಕೆ ಹೇಳಿದ್ದಲ್ಲ. ಏನನ್ನು ಬಿಡಬೇಕು ಅಂತ ನಿಮಗೆ ಹೇಳಿಕೊಡುವುದು ಈ ಲೆಕ್ಕವೇ. ಕಾದಂಬರಿಕಾರ “ಸಾವಿರ ಕುದುರೆಗಳು ಬಂದವು” ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾನೆ. ನೀವು ಒಂದೇ ಒಂದು ಕುದುರೆಯ ನಾಲ್ಕು ಕಾಲು ಸರಿಯಾಗಿ ಓಡಿಸುವಷ್ಟರಲ್ಲಿ ವಾರ ಮುಗಿದಿರುತ್ತದೆ. ಅದೇ ಕಾದಂಬರಿಕಾರ ಒಂದು ಮುಖದ ಸುಕ್ಕನ್ನು ವರ್ಣಿಸಲು ಅರ್ಧ ಪುಟ ತೆಗೆದುಕೊಂಡಿರುತ್ತಾನೆ. ಅದನ್ನು ನೀವು ಕಾಗದ ಮಡಚಿ ಒಂದು ಕ್ಷಣದಲ್ಲಿ ತೋರಿಸಬಹುದು. ಮಾತಿಗೆ ಅಗ್ಗವಾದದ್ದು ಕೈಗೆ ದುಬಾರಿ, ಮಾತಿಗೆ ದುಬಾರಿಯಾದದ್ದು ಕೈಗೆ ಸುಲಭ. ರೂಪಾಂತರದ ಇಡೀ ಕೆಲಸ ಈ ಎರಡರ ನಡುವೆ ನಡೆಯುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಹಳೆಯ ಕಾದಂಬರಿಯೊಂದರಲ್ಲಿ ಈ ಎರಡು ಸಾಲು ಇವೆ ಅಂದುಕೊಳ್ಳಿ: “ಮಗನ ಕಾಗದಕ್ಕಾಗಿ ಮುದುಕ ಹತ್ತು ವರ್ಷ ಕಾದ. ಕಾಗದ ಬಂದ ದಿನ ಓದಲು ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.” ಇದು ನಾನೇ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಹುಡುಕಬೇಡಿ.

ಹಕ್ಕು ಯಾರದ್ದು ನೋಡಿ

ಬೇಜಾರಿನ ಕೆಲಸ, ಆದರೆ ಮೊದಲೇ ಮುಗಿಸಿ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಭಾರತದಲ್ಲಿ ಇದು 60 ವರ್ಷ, ಯುರೋಪಿನ ಒಕ್ಕೂಟದಲ್ಲಿ 70. ಜನ ಜಾರುವುದು ಅನುವಾದದ ವಿಷಯದಲ್ಲಿ. ಮೂಲ ಕೃತಿ ಎಲ್ಲರ ಸ್ವತ್ತಾಗಿದ್ದರೂ ಅದರ ಅನುವಾದಕ್ಕೆ ಬೇರೆ ಹಕ್ಕು ಇರುತ್ತದೆ. ಕಥೆ ನೂರು ವರ್ಷ ಹಳೆಯದು, ಆದರೆ ನೀವು ಸಿನಿಮಾದಲ್ಲಿ ಓದಿಸುತ್ತಿರುವ ವಾಕ್ಯಗಳು ಹತ್ತು ವರ್ಷದ ಹಿಂದಿನ ಅನುವಾದಕರದ್ದು. ಆಗ ಅನುಮತಿ ಬೇಕೇ ಬೇಕು. ಹಳೆಯ ಆವೃತ್ತಿಯ ರೇಖಾಚಿತ್ರಗಳನ್ನು ನೋಡಿ ಪಾತ್ರದ ರೂಪ ಎತ್ತಿಕೊಂಡರೂ ಇದೇ ಮಾತು.

ಮೂರು ಸಲ ಓದಿ, ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು

ಮೊದಲ ಸಲ ಸುಮ್ನೆ ಓದಿ. ಗುರುತು ಹಾಕಬೇಡಿ. ಓದಿ ಮುಗಿಸಿ, ಎರಡು ದಿನ ಬಿಟ್ಟು, ಪುಸ್ತಕ ತೆರೆಯದೆ ನೆನಪಿನಲ್ಲಿ ಉಳಿದ ದೃಶ್ಯಗಳನ್ನು ಬರೆಯಿರಿ. ಬಹುಶಃ ಐದಾರು ಉಳಿದಿರುತ್ತವೆ. ಚಿಕ್ಕ ಸಿನಿಮಾಕ್ಕೆ ಅಷ್ಟೇ ಸಾಕು. ಜಾಣ ವಿಮರ್ಶಕರು ಮುಖ್ಯ ಅಂದ ದೃಶ್ಯ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಪರವಾಗಿಲ್ಲ. ಎರಡು ವರ್ಷ ಮೇಜಿನ ಮುಂದೆ ಬಗ್ಗಿ ಕೂರಬೇಕಾದವರು ನೀವು, ಅವರಲ್ಲ.

ಎರಡನೇ ಸಲ ಕ್ರಿಯಾಪದಗಳಿಗೆ ಗುರುತು ಹಾಕಿ. ಕಣ್ಣಿಗೆ ಕಾಣುವ ಕ್ರಿಯೆಗೆ ಒಂದು ಬಣ್ಣ: ಎದ್ದ, ಮಡಚಿದ, ಒರೆಸಿದ. ಮನಸ್ಸಿನೊಳಗಿನ ಕ್ರಿಯೆಗೆ ಇನ್ನೊಂದು: ಕಾದ, ಅನುಮಾನಪಟ್ಟ, ಮರೆತ. ಮೊದಲ ಬಗೆಯದು ನೇರವಾಗಿ ಚಿತ್ರವಾಗುತ್ತದೆ. ಎರಡನೆಯದಕ್ಕೆ ಒಂದು ವಸ್ತು ಹುಡುಕಬೇಕು. ನಮ್ಮ ಮುದುಕ “ಕಾದ” ಅನ್ನುವುದನ್ನು ಹೇಗೆ ತೋರಿಸುತ್ತೀರಿ? ಕ್ಯಾಲೆಂಡರಿನ ಹಾಳೆ ಹಾರಿಸಬೇಡಿ, ಅದನ್ನು ಎಲ್ಲರೂ ನೋಡಿ ಸಾಕಾಗಿದ್ದಾರೆ. ಅವನು ದಿನಾ ಕೂರುವ ಹೊಸ್ತಿಲಿನ ಬಣ್ಣ ಒಂದು ಕಡೆ ಮಾತ್ರ ಸವೆಯಲಿ. ಅಲ್ಲಿಗೆ ಹತ್ತು ವರ್ಷ ಬಂತು. ಹೊಸ್ತಿಲಿನ ನಾಲ್ಕು ಪ್ರತಿ ಬರೆದುಕೊಂಡರೆ ಕೆಲಸ ಆಯಿತು.

ಮೂರನೇ ಸಲ ಶಬ್ದಗಳಿಗೆ. ಪುಸ್ತಕದಲ್ಲಿ ಎಲ್ಲೆಲ್ಲಿ ಸದ್ದು ಇದೆ, ಎಲ್ಲೆಲ್ಲಿ ಮೌನ ಇದೆ. ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟವರು ಆಮೇಲೆ ಒದ್ದಾಡುತ್ತಾರೆ. ನಾನೂ ಒದ್ದಾಡಿದ್ದೇನೆ.

ಓದಿ ಆದಮೇಲೆ ಇಡೀ ಸಿನಿಮಾವನ್ನು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. “ಬಂದ ಕಾಗದವನ್ನು ಓದಲಾಗದವನು ಅದನ್ನು ಬೆರಳಿನಿಂದ ಸವರುತ್ತಾನೆ.” ಆ ವಾಕ್ಯಕ್ಕೆ ಬೇಕಾಗದ ಪಾತ್ರ ಎಷ್ಟೇ ಚೆನ್ನಾಗಿದ್ದರೂ ಹೊರಗೆ. ನೆರೆಮನೆಯವರು ಬೇಡ, ಮಗನ ಹೆಂಡತಿ ಬೇಡ. ಮಗನೂ ಬೇಡ ಅನ್ನಿಸಬಹುದು. ದೊಡ್ಡ ಕೃತಿಯಾದರೆ ಒಂದು ಅಧ್ಯಾಯ ಅಥವಾ ಒಂದು ಪ್ರಸಂಗ ಆರಿಸಿಕೊಳ್ಳಿ. ರಷ್ಯಾದ ಯೂರಿ ನಾರ್ಸ್ಟೀನ್ ಈ ಕಲೆಯಲ್ಲಿ ಬಹಳ ದೊಡ್ಡ ಹೆಸರು. ಗೊಗೋಲ್‌ನ ‘ಓವರ್‌ಕೋಟ್’ ಕಥೆಯನ್ನು ಅವರು 1981ರಲ್ಲಿ ಶುರು ಮಾಡಿದರು. ದಶಕಗಳು ಕಳೆದರೂ ಅದು ಮುಗಿಯಲಿಲ್ಲ. ಅವರ ತಾಳ್ಮೆಗೆ ಕೈ ಮುಗಿಯೋಣ, ಆದರೆ ಮೊದಲ ಸಿನಿಮಾದಲ್ಲೇ ಅವರನ್ನು ಅನುಸರಿಸುವುದು ಬೇಡ.

ಯಾವ ವಸ್ತು? ಇಲ್ಲಿ ಆತುರ ಬೇಡ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ನಿಮಗೆ ಏನು ಬರುತ್ತದೆ ಅನ್ನುವುದರ ಮೇಲೆ ಮಾತ್ರ ವಸ್ತು ಆರಿಸಬೇಡಿ. ಕೃತಿ ಏನು ಮಾಡುತ್ತದೆ ಅನ್ನುವುದನ್ನು ನೋಡಿ.

ಕಥೆಯಲ್ಲಿ ಒಂದು ಇನ್ನೊಂದಾಗಿ ಮಾರ್ಪಡುತ್ತಾ ಹೋದರೆ, ಕನಸು ಎಚ್ಚರ ಬೆರೆತಿದ್ದರೆ ಮರಳು ಅಥವಾ ಗಾಜಿನ ಮೇಲಿನ ಬಣ್ಣ. ಗಾಜಿನ ಹಾಳೆಯ ಮೇಲೆ ತೆಳ್ಳಗೆ ಮರಳು ಹರಡಿ, ಕೆಳಗಿನಿಂದ ದೀಪ ಹಾಕುತ್ತೀರಿ. ಮರಳು ದಪ್ಪ ಇದ್ದಲ್ಲಿ ಕಪ್ಪು, ತೆಳು ಇದ್ದಲ್ಲಿ ಬೂದು, ಬೆರಳಿನಿಂದ ಸರಿಸಿದಲ್ಲಿ ಬೆಳಕು. ಕಾಫ್ಕಾನ ‘ಮೆಟಮಾರ್ಫಸಿಸ್’ ಕಥೆಯನ್ನು ಕ್ಯಾರೊಲಿನ್ ಲೀಫ್ 1977ರಲ್ಲಿ ಮರಳಿನಲ್ಲೇ ಮಾಡಿದರು. ಮನುಷ್ಯ ಹುಳುವಾಗುವ ಕಥೆಗೆ ಒಂದು ಗಳಿಗೆಯೂ ಗಟ್ಟಿ ನಿಲ್ಲದ ಮರಳು. ಇದಕ್ಕಿಂತ ಸರಿಯಾದ ಜೋಡಿ ಸಿಗುವುದು ಕಷ್ಟ, ಅಲ್ವಾ?

ಗಾಜಿನ ಮೇಲೆ ಬಣ್ಣವೂ ಇದೇ ಜಾತಿಯದ್ದು. ಬೇಗ ಒಣಗದ ಎಣ್ಣೆಬಣ್ಣ ಬೇಕು. ಜಲವರ್ಣವಾದರೆ ಸ್ವಲ್ಪ ಗ್ಲಿಸರಿನ್ ಸೇರಿಸಿದರೆ ಹಸಿಯಾಗೇ ಇರುತ್ತದೆ. ಅಲೆಕ್ಸಾಂಡರ್ ಪೆಟ್ರೋವ್ ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಮಾಡಿದ್ದು ಹೀಗೇ, ಬಹುಪಾಲು ಬೆರಳ ತುದಿಯಿಂದ. ಸುಮಾರು 20 ನಿಮಿಷದ ಆ ಸಿನಿಮಾಕ್ಕೆ 29,000ಕ್ಕೂ ಜಾಸ್ತಿ ಚಿತ್ರ ಬೇಕಾದವು, ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. 1999ರಲ್ಲಿ ಮುಗಿದು, ಮುಂದಿನ ವರ್ಷ ಆಸ್ಕರ್ ಪಡೆಯಿತು. ಈ ಎರಡೂ ವಿಧಾನದಲ್ಲಿ ಹೊಸ ಚಿತ್ರ ಬರೆಯಲು ಹಳೆಯದನ್ನು ಅಳಿಸಲೇಬೇಕು. ಹಿಂದಕ್ಕೆ ಹೋಗುವ ದಾರಿಯಿಲ್ಲ. 40ನೇ ಚಿತ್ರದಲ್ಲಿ ತಪ್ಪಾದರೆ ಇಡೀ ಶಾಟ್, ಅಂದರೆ ನಡುವೆ ಕಡಿತವಿಲ್ಲದ ಆ ತುಣುಕು, ಮೊದಲಿನಿಂದ.

ಭಾರ, ಸ್ಪರ್ಶ, ಬಟ್ಟೆ, ಮರ ಇವುಗಳ ಮೇಲೆ ಕಥೆ ನಿಂತಿದ್ದರೆ ಗೊಂಬೆ. ಒಳಗೆ ಅಲ್ಯೂಮಿನಿಯಂ ತಂತಿಯ ಅಸ್ಥಿಪಂಜರ, ಎರಡು ಎಳೆ ಹೊಸೆದದ್ದು. ಪಾದದಲ್ಲಿ ನಟ್ ಇಟ್ಟು, ನೆಲದ ತೂತಿನ ಮೂಲಕ ಕೆಳಗಿನಿಂದ ಸ್ಕ್ರೂ ಬಿಗಿದರೆ ಗೊಂಬೆ ಒಂಟಿಕಾಲಲ್ಲೂ ನಿಲ್ಲುತ್ತದೆ. ತಂತಿ ಮಡಚಿ ಮಡಚಿ ಕೊನೆಗೆ ತುಂಡಾಗುತ್ತದೆ, ಅದೂ ಸಾಮಾನ್ಯವಾಗಿ ಕಣಕಾಲಲ್ಲಿ, ಶಾಟ್ ಮಧ್ಯದಲ್ಲಿ. ಬದಲಿ ಕಾಲು ಮೊದಲೇ ಮಾಡಿಟ್ಟುಕೊಳ್ಳಿ.

ದಂತಕಥೆ, ನೀತಿಕಥೆ, ಮಹಾಕಾವ್ಯದ ಪ್ರಸಂಗ, ಅಂದರೆ ಪಾತ್ರಗಳು ವ್ಯಕ್ತಿಗಿಂತ ಹೆಚ್ಚಾಗಿ ಆಕೃತಿಗಳಾಗಿರುವ ಕೃತಿಗೆ ಕಾಗದದ ಕಟ್‌ಔಟ್, ಅಂದರೆ ಕತ್ತರಿಸಿ ಜೋಡಿಸಿದ ಚಪ್ಪಟೆ ಗೊಂಬೆ, ಚೆನ್ನ. ಲೋಟ್ಟೆ ರೈನಿಗರ್ ‘ಅರೇಬಿಯನ್ ನೈಟ್ಸ್’ ಕಥೆಗಳಿಂದ ಕಪ್ಪು ನೆರಳಿನ ಗೊಂಬೆಗಳ ಸಿನಿಮಾ ಮಾಡಿದರು. 1926ರಲ್ಲಿ ತೆರೆಕಂಡ ಅದು, ಇವತ್ತಿಗೆ ಉಳಿದಿರುವ ಪೂರ್ಣಾವಧಿ ಆ್ಯನಿಮೇಷನ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು. ರಟ್ಟು, ತೆಳು ಸೀಸದ ಹಾಳೆ, ತಂತಿ, ಕತ್ತರಿ. ಗೊಂಬೆಗಳಿಗೆ ಬಳಸಿದ್ದು ಇಷ್ಟೇ.

ನಮ್ಮ ಮುದುಕನಿಗೆ ನಾನು ಕಾಗದವನ್ನೇ ಆರಿಸುತ್ತೇನೆ. ನಮ್ಮ ಭಾಷೆಯಲ್ಲಿ ಪತ್ರಕ್ಕೂ ಕಾಗದ ಅನ್ನುತ್ತೇವಲ್ಲ, ಆ ಮಾತೇ ದಾರಿ ತೋರಿಸಿತು. ಕಾಗದದ ಮನುಷ್ಯ ಕಾಗದಕ್ಕಾಗಿ ಕಾಯುತ್ತಾನೆ. ಅವನಿಗೆ ವಯಸ್ಸಾದಂತೆ ಅವನ ಹಾಳೆ ಹಳದಿಯಾಗುತ್ತದೆ, ಮಡಿಕೆ ಬೀಳುತ್ತದೆ. ಕಣ್ಣು ಮಬ್ಬಾಗುವುದನ್ನು ತೋರಿಸಲು ಕಣ್ಣಿನ ಮೇಲೆ ಎಣ್ಣೆ ಸವರಿದ ತೆಳು ಹಾಳೆ ಒಂದೊಂದೇ ಪದರ ಕೂರಿಸಿದರೆ ಸಾಕು. ವಸ್ತು ಸರಿಯಾಗಿದ್ದರೆ ಉಪಾಯಗಳು ತಾವೇ ಬರುತ್ತವೆ. ಬರದೇ ಇದ್ದರೆ ವಸ್ತು ತಪ್ಪಿದೆ ಅಂತಲೇ ಅರ್ಥ.

ಚಿತ್ರಕಥೆ: ನಿರೂಪಕನನ್ನು ಕಟ್ಟಿಹಾಕಿ

ಕೃತಿಯ ಮೇಲೆ ಪ್ರೀತಿ ಇರುವವರು ಮಾಡುವ ಮೊದಲ ತಪ್ಪು, ಚೆಂದದ ವಾಕ್ಯಗಳನ್ನೆಲ್ಲ ನಿರೂಪಕನ ಬಾಯಿಗೆ ಹಾಕುವುದು. ಆಗ ಸಿನಿಮಾ ಓದಿನ ಹಿಂದೆ ಓಡಾಡುವ ಚಿತ್ರಮಾಲೆ ಆಗುತ್ತದೆ. “ಮುದುಕ ಬಾಗಿಲು ತೆರೆದ” ಅಂತ ಹೇಳಿಸಿ, ಬಾಗಿಲು ತೆರೆಯುವುದನ್ನೂ ತೋರಿಸಿದರೆ ಎರಡರಲ್ಲಿ ಒಂದು ದಂಡ. ಚಿತ್ರ ಹೇಳುವುದನ್ನು ಮಾತು ಹೇಳಬಾರದು. ಮೊದಲು ಒಂದೂ ಮಾತಿಲ್ಲದೆ ಬರೆದು ನೋಡಿ. ಎಲ್ಲಿ ಅರ್ಥ ನಿಂತುಹೋಗುತ್ತದೋ ಅಲ್ಲಿ ಮಾತ್ರ ಕೃತಿಯ ಒಂದು ಸಾಲು ತನ್ನಿ. ಆಗ ಆ ಸಾಲಿಗೂ ಬೆಲೆ ಬರುತ್ತದೆ.

ಪಾತ್ರಗಳು ಮಾತಾಡಬೇಕಾದರೆ ಧ್ವನಿಯನ್ನು ಶೂಟಿಂಗ್‌ಗೆ ಮೊದಲೇ ರೆಕಾರ್ಡ್ ಮಾಡಿ. ಅದನ್ನು ಫ್ರೇಮ್ ಲೆಕ್ಕದಲ್ಲಿ ಒಡೆದು ಹಾಳೆಯಲ್ಲಿ ಬರೆದುಕೊಳ್ಳಬೇಕು: ಎಷ್ಟನೇ ಫ್ರೇಮಿಗೆ ಯಾವ ಅಕ್ಷರ. ಆರೇಳು ಬಾಯಿ ಆಕಾರ ಕತ್ತರಿಸಿಟ್ಟುಕೊಂಡರೆ ಸಾಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಆ, ಓ, ಈ ಸ್ವರಗಳ ಆಕಾರ ಸರಿಯಾಗಿರಲಿ. ಉಳಿದ ವ್ಯಂಜನಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಯಾರಿಗೂ ಗೊತ್ತಾಗುವುದಿಲ್ಲ.

ಸ್ಟೋರಿಬೋರ್ಡ್, ಆಮೇಲೆ ಆ್ಯನಿಮ್ಯಾಟಿಕ್

ಚಿಕ್ಕ ಚೀಟಿಗಳ ಮೇಲೆ ಒಂದೊಂದು ಶಾಟ್ ಬರೆಯಿರಿ. ಚೀಟಿ ಯಾಕೆಂದರೆ ಜಾಗ ಬದಲಿಸಬಹುದು, ಹರಿದು ಎಸೆಯಬಹುದು. ಕಡ್ಡಿ ಮನುಷ್ಯರು ಸಾಕು. ಇದೇ ಸ್ಟೋರಿಬೋರ್ಡ್. ಚೀಟಿಗಳ ಫೋಟೋ ತೆಗೆದು, ಯಾವುದಾದರೂ ಎಡಿಟಿಂಗ್ ಆ್ಯಪ್‌ನಲ್ಲಿ ಸಾಲಾಗಿ ಇಟ್ಟು, ನಿಮ್ಮದೇ ಧ್ವನಿಯಲ್ಲಿ ಮಾತು, ಬಾಯಲ್ಲೇ ಮಾಡಿದ ಸದ್ದು ಸೇರಿಸಿ. ಇದೇ ಆ್ಯನಿಮ್ಯಾಟಿಕ್. ಪೂರ್ತಿ ಉದ್ದದ, ಅಲುಗಾಡದ ಸಿನಿಮಾ.

ಕೈ ಕೆಲಸದಲ್ಲಿ ಶೂಟ್ ಆದಮೇಲೆ ಕತ್ತರಿಸಿ ಎಸೆಯುವುದು ಹೊಟ್ಟೆ ಉರಿಯುವ ವಿಷಯ. ಒಂದು ಸೆಕೆಂಡ್ ಕತ್ತರಿಸಿದರೆ 12 ಚಿತ್ರದ ಶ್ರಮ ಹೋಯಿತು. ಅದಕ್ಕೇ ಎಡಿಟಿಂಗ್ ಜಗಳ ಎಲ್ಲ ಇಲ್ಲೇ ಮುಗಿಯಬೇಕು. ಕೃತಿ ಓದದ ಇಬ್ಬರಿಗೆ, ಓದಿದ ಒಬ್ಬರಿಗೆ ತೋರಿಸಿ. ನೀವು ವಿವರಣೆ ಕೊಡಬೇಡಿ. ನೋಡಿ ಮುಗಿದ ಮೇಲೆ ಕಥೆ ಹೇಳಲು ಕೇಳಿ. ಓದದವರು ಎಡವಿದ ಜಾಗ ನಿಮ್ಮ ಚಿತ್ರಕಥೆಯ ತೂತು.

ಹತ್ತು ಸೆಕೆಂಡಿನ ಪರೀಕ್ಷೆ

ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ಕಷ್ಟದ ಹತ್ತು ಸೆಕೆಂಡ್ ಯಾವುದೋ ಅದನ್ನು ಮೊದಲು ಮಾಡಿ. ನಮ್ಮ ಉದಾಹರಣೆಯಲ್ಲಿ ಮುದುಕನ ಬೆರಳು ಅಕ್ಷರಗಳ ಮೇಲೆ ಹರಿದಾಡುವುದು. ಹೊಸ ಗೊಂಬೆ, ಪೂರ್ತಿ ಸೆಟ್ ಬೇಡ. ಒಂದು ಕೈ, ಒಂದು ಹಾಳೆ. ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಟ್ಟುಕೊಂಡು, ಸಿನಿಮಾದ ಉದ್ದಕ್ಕೆ ಗುಣಿಸಿ. ಬಂದ ಸಂಖ್ಯೆ ನೋಡಿ ತಲೆ ತಿರುಗಿದರೆ ಆ್ಯನಿಮ್ಯಾಟಿಕ್‌ಗೆ ವಾಪಸ್ ಹೋಗಿ ಮೊಟಕು ಮಾಡಿ. ಈಗ ಆದರೆ ನಷ್ಟ ಹತ್ತು ಸೆಕೆಂಡ್ ಮಾತ್ರ.

ಕಾಗದದ ಗೊಂಬೆ ಮಾಡುವುದು

200ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ) ದಪ್ಪದ ಕಾಗದ ತೆಗೆದುಕೊಳ್ಳಿ. ತೆಳುವಾದರೆ ಸುರುಟಿಕೊಳ್ಳುತ್ತದೆ, ದಪ್ಪವಾದರೆ ಅಂಚಿನ ನೆರಳು ಕಾಣುತ್ತದೆ. ಕತ್ತರಿಸಿದ ಮೇಲೆ ಅಂಚಿಗೆಲ್ಲ ಬಣ್ಣ ಹಚ್ಚಿ. ಇಲ್ಲದಿದ್ದರೆ ಪಾತ್ರದ ಸುತ್ತ ಬಿಳಿ ಗೆರೆ ಮಿನುಗುತ್ತದೆ. ಚಿಕ್ಕ ವಿಷಯ, ಆದರೆ ಹೊಸಬರ ಕೆಲಸ ಅಂತ ದೂರದಿಂದಲೇ ಗೊತ್ತಾಗುವುದು ಇದರಿಂದಲೇ.

ಮೇಲುತೋಳು, ಮುಂಗೈ, ಹಸ್ತ ಎಲ್ಲ ಬೇರೆ ಬೇರೆ ತುಂಡು. ತುಂಡುಗಳ ತುದಿ ದುಂಡಗಿರಲಿ, ಒಂದರ ಮೇಲೊಂದು ಕೂತಾಗ ಕೀಲು ತಿರುಗಿದರೂ ಸಂದು ಬೀಳುವುದಿಲ್ಲ. ಕೀಲಿಗೆ ಸೂಜಿಯಿಂದ ತೂತು ಮಾಡಿ ದಾರ ಹಾಕಿ ಎರಡೂ ಕಡೆ ಗಂಟು ಹಾಕಿ, ಅಥವಾ ತೆಳು ತಂತಿ ಬಳಸಿ. ಕೀಲು ಬಿಗಿಯಾಗಿರಬೇಕು, ಆದರೆ ಒಂದು ತುಂಡು ಸರಿಸಿದಾಗ ಪಕ್ಕದ್ದು ಅಲುಗಾಡಬಾರದು. ಕೈ ಬೆರಳು, ಹುಬ್ಬು, ಕಣ್ಣುಗುಡ್ಡೆ ಇವನ್ನೆಲ್ಲ ಜೋಡಿಸದೆ ಸಡಿಲವಾಗಿಯೇ ಬಿಟ್ಟು ಚಿಮಟದಿಂದ ಸರಿಸಿ.

ಪ್ರತಿ ಮುಖ್ಯ ಪಾತ್ರಕ್ಕೆ ಎರಡು ಅಳತೆಯ ಗೊಂಬೆ ಬೇಕು. ಇಡೀ ದೇಹ ಕಾಣುವ 20 ಸೆಂಟಿಮೀಟರಿನದ್ದು ಒಂದು. ಕ್ಲೋಸಪ್‌ಗೆ ಬರೀ ತಲೆ, ಭುಜ, ಕೈಗಳ ದೊಡ್ಡದು ಇನ್ನೊಂದು. ಚಿಕ್ಕ ಗೊಂಬೆಯ ಹತ್ತಿರಕ್ಕೆ ಕ್ಯಾಮೆರಾ ತಂದರೆ ಕಾಗದದ ನಾರು ಕಾಣುತ್ತದೆಯೇ ಹೊರತು ಮುಖಭಾವ ಕಾಣುವುದಿಲ್ಲ. ತಲೆ ಮಾತ್ರ ಎದುರು, ಪಕ್ಕ, ಓರೆ ಹೀಗೆ ಮೂರು ನೋಟದಲ್ಲಿ ಇರಲಿ. ಕೆಲಸ ಮುಗಿದ ಮೇಲೆ ದಪ್ಪ ಪುಸ್ತಕದಡಿ ಇಡಿ. ತೇವಕ್ಕೆ ಕಾಗದ ಬಾಗುತ್ತದೆ.

ಕ್ಯಾಮೆರಾ, ಬೆಳಕು

ಮೇಜಿನ ಮೇಲೆ ಗೊಂಬೆ, ಮೇಲಿನಿಂದ ನೆಟ್ಟಗೆ ಕೆಳಗೆ ನೋಡುವ ಕ್ಯಾಮೆರಾ. ಮೊಬೈಲ್ ಆದರೂ ಸರಿ. ಸ್ಟಾಪ್ ಮೋಷನ್ ಸ್ಟುಡಿಯೋ ತರಹದ ಆ್ಯಪ್‌ನಲ್ಲಿ ಹಿಂದಿನ ಚಿತ್ರ ಮಸುಕಾಗಿ ಕಾಣುತ್ತಿರುತ್ತದೆ, ಎಷ್ಟು ಸರಿಸಿದಿರಿ ಅಂತ ತಿಳಿಯುತ್ತದೆ. ದೊಡ್ಡ ಕ್ಯಾಮೆರಾ ಮತ್ತು ಕಂಪ್ಯೂಟರ್ ಇದ್ದರೆ ಡ್ರ್ಯಾಗನ್‌ಫ್ರೇಮ್ ಇದೆ, ವೃತ್ತಿಯವರು ಬಳಸುವುದು ಅದನ್ನೇ.

ಆಟೋ ಅಂತ ಬರೆದಿರುವುದನ್ನೆಲ್ಲ ಆಫ್ ಮಾಡಿ: ಫೋಕಸ್, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ). ಆಮೇಲೂ ಬೆಳಕು ಮಿಣಮಿಣ ಅಂದರೆ ಕಾರಣ ಸಾಮಾನ್ಯವಾಗಿ ಮೂರು. ಒಂದು, ಕಿಟಕಿ. ಸೂರ್ಯನನ್ನು ನಂಬಿ ಶೂಟ್ ಮಾಡಬೇಡಿ, ಮೋಡ ಬಂದರೆ ನಿಮ್ಮ ಮುದುಕನ ಮನೆಯಲ್ಲೂ ಕತ್ತಲೆ ಆಗುತ್ತದೆ. ಪರದೆ ಪೂರ್ತಿ ಎಳೆಯಿರಿ. ಎರಡು, ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ. ಎಲೆಕ್ಟ್ರಾನಿಕ್ ಲೆನ್ಸ್ ಪ್ರತಿ ಚಿತ್ರಕ್ಕೂ ಅದನ್ನು ಮುಚ್ಚಿ ತೆರೆಯುತ್ತದೆ, ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ. ಕೈಯಿಂದ ತಿರುಗಿಸುವ ಹಳೆಯ ಲೆನ್ಸ್ ಇದಕ್ಕೆ ಒಳ್ಳೆಯ ಮದ್ದು. ಮೂರು, ನೀವೇ. ಒಂದು ಸಲ ನಾನು ಅರ್ಧ ದಿನ ಶೂಟ್ ಮಾಡಿ ನೋಡಿದರೆ ಆಕಾಶ ಉಸಿರಾಡುತ್ತಿತ್ತು. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಗೊತ್ತಾಯಿತು, ಅದು ನನ್ನ ಬಿಳಿ ಅಂಗಿಯ ಪ್ರತಿಫಲನ. ಕಪ್ಪು ಬಟ್ಟೆ ಹಾಕಿಕೊಳ್ಳಿ, ಪ್ರತಿ ಚಿತ್ರ ತೆಗೆಯುವಾಗ ಒಂದೇ ಜಾಗದಲ್ಲಿ ನಿಂತುಕೊಳ್ಳಿ. ಶಟರ್ ನಿಧಾನ ಇಟ್ಟರೆ, ಅಂದರೆ ಕಾಲು ಸೆಕೆಂಡಿನ ಹತ್ತಿರ, ದೀಪದ ಸೂಕ್ಷ್ಮ ಮಿಣುಕು ಕೂಡ ಸರಾಸರಿಯಲ್ಲಿ ಅಡಗುತ್ತದೆ.

ಆಳ ಬೇಕಾದರೆ ಗಾಜಿನ ಹಾಳೆಗಳನ್ನು 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಒಂದರ ಮೇಲೊಂದು ಜೋಡಿಸಿ. ಕೆಳಗೆ ಹಿನ್ನೆಲೆ, ನಡುವೆ ಮುದುಕ, ಮೇಲೆ ಬಾಗಿಲ ಚೌಕಟ್ಟು. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ ಇಟ್ಟರೆ ಗಾಜು ಹೊಳೆಯುವುದಿಲ್ಲ. ಕಪ್ಪು ರಟ್ಟಿಗೆ ತೂತು ಮಾಡಿ ಲೆನ್ಸ್‌ಗೆ ಸಿಕ್ಕಿಸಿದರೆ ಕ್ಯಾಮೆರಾದ ಪ್ರತಿಬಿಂಬವೂ ಬೀಳುವುದಿಲ್ಲ. ಟ್ರೈಪಾಡ್ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ ಬಿಗಿಯಿರಿ. ಮನೆಯಲ್ಲಿ ಮಕ್ಕಳೋ ಬೆಕ್ಕೋ ಇದ್ದರೆ ಬಾಗಿಲಿಗೂ ಚಿಲಕ ಹಾಕಿ.

ಚಲನೆ

ಹೊಸಬರು ಎಲ್ಲವನ್ನೂ ಒಂದೇ ಅಳತೆಯಲ್ಲಿ ಸರಿಸುತ್ತಾರೆ. ಅದು ಯಂತ್ರದ ನಡಿಗೆ. ಜೀವ ಇರುವುದು ನಿಧಾನವಾಗಿ ಹೊರಟು, ನಡುವೆ ವೇಗ ಹಿಡಿದು, ನಿಧಾನವಾಗಿ ನಿಲ್ಲುತ್ತದೆ. ಮುದುಕನ ಕೈ ಒಂದು ಸೆಕೆಂಡಿನಲ್ಲಿ 72 ಮಿಲಿಮೀಟರ್ ಸರಿಯಬೇಕು ಅಂದುಕೊಳ್ಳಿ. 12 ಚಿತ್ರಕ್ಕೆ ಹೀಗೆ ಸರಿಸಿ: 1, 2, 4, 7, 10, 12, 12, 10, 7, 4, 2, 1 ಮಿಲಿಮೀಟರ್. ಇದನ್ನೇ ಪ್ರತಿ ಸಲ 6 ಮಿಲಿಮೀಟರಿನಂತೆ ಸರಿಸಿಯೂ ನೋಡಿ, ಎರಡನ್ನೂ ಪಕ್ಕದಲ್ಲಿಟ್ಟು ಓಡಿಸಿ. ಈ ಒಂದು ಪ್ರಯೋಗ ಹತ್ತು ಪಾಠಕ್ಕೆ ಸಮ.

ನಿಲ್ಲಿಸುವುದನ್ನೂ ಕಲಿಯಬೇಕು. ಗೊತ್ತಿರುವವರ ಕೆಲಸದಲ್ಲಿ ಪಾತ್ರ ಸುಮ್ಮನೆ ಇರುವ ಹೊತ್ತೇ ಜಾಸ್ತಿ. ಕಟ್‌ಔಟ್ ಒಂದೆರಡು ಸೆಕೆಂಡ್ ಅಲುಗಾಡದೆ ಇದ್ದರೂ ಕಣ್ಣು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾದರೆ ಒಂದು ರೆಪ್ಪೆ ಬಡಿತ ಕೊಡಿ: ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಮತ್ತೆ ಅರ್ಧ. ಮೂರು ಚಿತ್ರ, ಕಾಲು ಸೆಕೆಂಡ್. ಕಾಯುವ ಕಥೆಯಲ್ಲಂತೂ ಈ ನಿಲುಗಡೆಯೇ ನಿಮ್ಮ ಗದ್ಯ. ಲೇಖಕ ಉದ್ದ ವಾಕ್ಯ ಬರೆದ ಕಡೆ ಉದ್ದ ನಿಲುಗಡೆ, ಚುಟುಕಾಗಿ ಬರೆದ ಕಡೆ ಪಟಪಟ ಶಾಟ್. ಕೃತಿಯ ಒಂದು ಮಾತೂ ಬಳಸದೆ ಅದರ ಲಯ ಉಳಿಸಿಕೊಳ್ಳುವುದು ಹೀಗೆ.

ನಡಿಗೆ ಮಾಡುವ ಮೊದಲು ನೀವೇ ಎದ್ದು ನಡೆದು, ಮೊಬೈಲಿನಲ್ಲಿ ಚಿತ್ರಿಸಿಕೊಂಡು, ಎಣಿಸಿ. ಶಾಟ್ ಮಧ್ಯದಲ್ಲಿ ಊಟಕ್ಕೆ ಏಳಬೇಡಿ. ಏಳಲೇಬೇಕಾದರೆ ಮುಂದೆ ಏನು ಸರಿಸಬೇಕಿತ್ತು ಅಂತ ಚೀಟಿಯಲ್ಲಿ ಬರೆದು ಏಳಿ. ವಾಪಸ್ ಬಂದಾಗ ಎಡಗೈ ಹೋಗುತ್ತಿತ್ತೋ ಬರುತ್ತಿತ್ತೋ ಖಂಡಿತ ನೆನಪಿರುವುದಿಲ್ಲ.

ಸದ್ದು, ಜೋಡಣೆ

ಮೂರನೇ ಓದಿನಲ್ಲಿ ಹಾಕಿದ ಗುರುತುಗಳನ್ನು ಈಗ ತೆಗೆಯಿರಿ. ಕಾಗದದ ಜಗತ್ತಿಗೆ ಕಾಗದದ್ದೇ ಸದ್ದು ಚೆನ್ನ. ಮೈಕಿನ ಹತ್ತಿರ ಹಾಳೆ ಮಡಚಿದರೆ ಮುದುಕನ ಮಂಡಿ ನೋವಾಯಿತು, ನಿಧಾನವಾಗಿ ಹರಿದರೆ ಮಳೆ ಶುರುವಾಯಿತು. ಸಂಗೀತ ಹಾಕುವ ಮೊದಲು ಬರೀ ಸದ್ದಿನ ಜೊತೆ ಒಂದು ಸಲ ಪೂರ್ತಿ ನೋಡಿ. ಎಷ್ಟೋ ಸಲ ಸಂಗೀತ ಬೇಡ ಅನ್ನಿಸುತ್ತದೆ.

ಚಿತ್ರಗಳನ್ನು ಪ್ರತಿ ದಿನ ಎರಡು ಬೇರೆ ಬೇರೆ ಕಡೆ ಉಳಿಸಿ. ಸಿನಿಮಾದ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಲೇಖಕರ ಹೆಸರು, ಅನುವಾದ ಬಳಸಿದ್ದರೆ ಅನುವಾದಕರ ಹೆಸರು, ಆಮೇಲೆ ನಿಮ್ಮದು. “ಆಧರಿಸಿದ್ದು” ಅಂತ ಹಾಕಬೇಕೋ “ಪ್ರೇರಿತ” ಅಂತ ಹಾಕಬೇಕೋ ಅನ್ನುವ ಅನುಮಾನ ಬಂದರೆ, ಗೋಡೆಗೆ ಅಂಟಿಸಿದ ಆ ಒಂದು ವಾಕ್ಯ ನೋಡಿ. ಅದು ಕೃತಿಯಲ್ಲೇ ಇದ್ದ ಮಾತಾದರೆ ಮೊದಲನೆಯದು. ನೀವು ಸೇರಿಸಿದ್ದಾದರೆ ಎರಡನೆಯದು. ನಮ್ಮ ಮುದುಕ ಬೆರಳಿನಿಂದ ಸವರಿದ್ದು ಆ ಎರಡು ಸಾಲಿನಲ್ಲಿ ಎಲ್ಲೂ ಇಲ್ಲ.